ಉಪ್ಪು ಬಿಟ್ಟವಳ ಎಡೆ

ನಮ್ಮಜ್ಜಿ ಗಂಡನಿಗಾಗಿ ಉಪ್ಪು ಬಿಟ್ಟಳು ಎಂದು ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳುವ ಕ್ರಮವೂ ಹೆಚ್ಚುಕಡಿಮೆ ಒಂದೇ. ತಾತನಿಗೆ ಕಾಲು ಬಾತುಕೊಂಡಿತು, ಪಂಡಿತರು ಉಪ್ಪು ಮುಟ್ಟಕೂಡದು ಎಂದರು, ಅವತ್ತೇ ಸಂಜೆ ಅಜ್ಜಿ ದೇವರ ಮುಂದೆ ದೀಪ ಹಚ್ಚಿ, ಯಜಮಾನರಿಗಿಲ್ಲದ ಉಪ್ಪು ನನಗೂ ಬೇಡ ಎಂದು ಸಂಕಲ್ಪ ಮಾಡಿದಳು, ಸಾಯುವ ತನಕ ನಾಲಗೆಗೆ ಉಪ್ಪು ಸೋಕಿಸಲಿಲ್ಲ, ಆ ಪುಣ್ಯದಿಂದ ತಾತ ಉಳಿದ, ಅದೇ ಪುಣ್ಯದಿಂದ ಅವಳು ಮುತ್ತೈದೆಯಾಗಿ ಹೋದಳು. ಕೇಳಿದವರು ಕೈ ಮುಗಿಯುತ್ತಾರೆ.

ದೀಪ ಹಚ್ಚಿದ್ದನ್ನು ನೋಡಿದವರು ಯಾರು ಎಂದು ನಾನು ವಿಚಾರಿಸಿದ್ದೇನೆ. ಅಮ್ಮ ಆ ಸಂಜೆ ಒಲೆಯ ಮುಂದೆ ಹಿಟ್ಟು ತೊಳಸುತ್ತಿದ್ದಳಂತೆ, ನೋಡಿಲ್ಲ. ಅಪ್ಪ ನೂಲು ತರಲು ಪೇಟೆಗೆ ಹೋಗಿದ್ದ. ಚಿಕ್ಕಪ್ಪ ಎಲ್ಲಿದ್ದನೆಂದು ಅವನಿಗೇ ನೆನಪಿಲ್ಲ. ಈ ಕಥೆಯನ್ನು ಎಲ್ಲರಿಗಿಂತ ಚೆನ್ನಾಗಿ ಹೇಳುವವಳು ತಾತನ ತಂಗಿ, ನಾನು ಅತ್ತಜ್ಜಿ ಎಂದು ಕರೆಯುವವಳು. ಅವಳನ್ನು ಹೊಸಕೋಟೆ ಕಡೆಯ ಸಮೇತನಹಳ್ಳಿಗೆ ಕೊಟ್ಟಿದೆ. ಆ ದಿನ ಅವಳು ಸಮೇತನಹಳ್ಳಿಯಲ್ಲೇ ಇದ್ದಳು.

ಒಬ್ಬರು ಏನನ್ನಾದರೂ ಬಿಟ್ಟರು ಎನ್ನಬೇಕಾದರೆ, ಅದನ್ನು ಇಟ್ಟುಕೊಳ್ಳುವ ಅವಕಾಶ ಅವರಿಗಿತ್ತು ಎಂದು ಮೊದಲು ತೋರಿಸಬೇಕು. ಅದನ್ನು ಇದುವರೆಗೆ ಯಾರೂ ತೋರಿಸಿಲ್ಲ. ಕಾಲೇಜಿನ ಚರ್ಚಾಕೂಟದಲ್ಲಾಗಿದ್ದರೆ ನಾನು ಇಷ್ಟು ಹೇಳಿ ಕೂತುಬಿಡುತ್ತಿದ್ದೆ. ಮನೆಯಲ್ಲಿ ಅದು ಸಾಕಾಗಲಿಲ್ಲ. ಅಜ್ಜಿಯ ತಿಥಿಯ ಬೆಳಿಗ್ಗೆ, ಅವಳ ಹೆಸರಿನಲ್ಲಿ ಎಲೆ ಹಾಕಿ ಬಡಿಸುವ ಎಡೆಗೆ ಉಪ್ಪು ಹಾಕಬೇಕೋ ಬೇಡವೋ ಎಂಬ ಮಾತು ಎದ್ದಿತು. ಮದುವೆಯಾಗಿ ಬಂದಂದಿನಿಂದ ಈ ಮನೆಯಲ್ಲಿ ಅವಳೊಬ್ಬಳಿಗೆಂದೇ ಹಾಕಿದ ಮೊದಲ ಎಲೆ ಅದು. ಅದರಲ್ಲಿರುವುದು ಅವಳ ಬಾಯಿಗೆ ಹಿಡಿಸುವಂತಿರಬೇಕು ಎಂಬುದು ನನ್ನ ಪಟ್ಟು. ಅದಕ್ಕಿಂತ ಹೆಚ್ಚಿನದೇನನ್ನೂ ನಾನು ಕೇಳಿರಲಿಲ್ಲ.

ಅಜ್ಜಿ ದೇವನಹಳ್ಳಿ ಹತ್ತಿರದ ನಲ್ಲೂರಿನವಳು. ಅಲ್ಲಿಯ ಹುಣಸೆ ತೋಪಿನ ಮರಗಳು ಎಷ್ಟು ಹಳೆಯವೆಂದು ಯಾರೂ ಹೇಳಲಾರರು. ತನ್ನ ತವರಿನ ಬಗ್ಗೆ ಅವಳು ಹೆಚ್ಚು ಮಾತಾಡಿದವಳಲ್ಲ. ಅಪ್ಪ ಅಮ್ಮ ಹೇಗಿದ್ದರು, ಮನೆ ಎಷ್ಟು ದೊಡ್ಡದು, ಇವೆಲ್ಲ ಕೇಳಿದರೆ 'ಇದ್ರು', 'ಇತ್ತು' ಎಂದು ಮುಗಿಸುತ್ತಿದ್ದಳು. ತೋಪಿನ ಮಾತು ಬಂದರೆ ಮಾತ್ರ ಸ್ವಲ್ಪ ಉದ್ದವಾಗುತ್ತಿತ್ತು. ಹುಡುಗಿಯರೆಲ್ಲ ಲಂಗದ ಅಂಚಿನಲ್ಲಿ ಹರಳುಪ್ಪು ಗಂಟು ಕಟ್ಟಿಕೊಂಡು ಹೋಗುವುದು, ಎಳೆ ಹುಣಸೆಕಾಯನ್ನು ಬೇರಿನ ಮೇಲಿಟ್ಟು ಕಲ್ಲಿನಲ್ಲಿ ಉಪ್ಪಿನ ಜೊತೆ ಜಜ್ಜುವುದು, ಹಲ್ಲು ಚಳಿತು ಮುದ್ದೆ ನುಂಗಲಾಗದೆ ಮನೆಯಲ್ಲಿ ಸಿಕ್ಕಿಬೀಳುವುದು. ಇದನ್ನು ಹೇಳುವಾಗ ಅವಳ ಬಾಯಲ್ಲಿ ನೀರು ಬರುತ್ತಿತ್ತು. ನಾನು ನೋಡಿದ್ದೇನೆ. ಗಂಟಲು ಆಡುತ್ತಿತ್ತು.

ಮೈನೆರೆಯುವ ಮೊದಲೇ ಮದುವೆ, ನೆರೆದ ಮೇಲೆ ಗಾಡಿಯಲ್ಲಿ ಇಲ್ಲಿಗೆ. ಆಮೇಲೆ ಅವಳ ಆಯುಷ್ಯವೆಲ್ಲ ಈ ಮನೆಯ ಎರಡು ಕೋಣೆ, ಒಂದು ಮಗ್ಗ, ಒಂದು ಹಿತ್ತಿಲು. ತಾತನದು ಗುಂಡಿ ಮಗ್ಗ. ನೆಲಕ್ಕೆ ತೋಡಿದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವುದು. ಅಜ್ಜಿಯ ಜಾಗ ಅದರ ಪಕ್ಕದ ರಾಟೆ. ಲಾಳಿಯೊಳಗೆ ಕೂರಿಸುವ ಕಂಡಿಕೆಗಳಿಗೆ ಅವಳು ನೂಲು ಸುತ್ತಿಕೊಡಬೇಕು, ಅವನು ನೇಯುತ್ತ ಹೋಗಬೇಕು. ಬೆಳಗಿನ ಹೊತ್ತು ಹಾಸನ್ನು, ಎಂದರೆ ಮಗ್ಗಕ್ಕೆ ಏರಿಸುವ ಉದ್ದೆಳೆಗಳನ್ನು, ಬೀದಿಯುದ್ದಕ್ಕೂ ಎಳೆದು ಕಟ್ಟಿ ಗಂಜಿ ಬಳಿಯುವಾಗ ಅವಳು ಒಂದು ಕೊನೆಯಲ್ಲಿ, ಅವನು ಇನ್ನೊಂದು ಕೊನೆಯಲ್ಲಿ. ಇದರ ನಡುವೆ ಬಸಿರು, ಬಾಣಂತನ, ಉಳಿದ ಮಕ್ಕಳು ಇಬ್ಬರು, ಉಳಿಯದವರ ಲೆಕ್ಕ ಅವಳು ಹೇಳಲಿಲ್ಲ. ಅಪ್ಪ ದೊಡ್ಡವನು, ಚಿಕ್ಕಪ್ಪ ಚಿಕ್ಕವನು. ಇಬ್ಬರೂ ಅದೇ ಗುಂಡಿಯಲ್ಲಿ ಕೂತು ಕೆಲಸ ಕಲಿತರು.

ಈಗ ತಣಿಗೆಯ ವಿಷಯ. ನಮ್ಮ ಮನೆಯ ಹಳೆಯ ಹೆಂಗಸರು ಗಂಡ ಉಂಡೆದ್ದ ತಣಿಗೆಯಲ್ಲೇ ಊಟ ಮಾಡುವವರು. ತಾತ ಕಂಚಿನ ತಣಿಗೆಯಲ್ಲಿ ಉಂಡು, ಅದರಲ್ಲಿ ಒಂದಿಷ್ಟು ಮುದ್ದೆ, ಒಂದಿಷ್ಟು ಸಾರು, ಹುರಿದ ಬದನೆಕಾಯಿ ಇದ್ದರೆ ಅದರ ಒಳ್ಳೆಯ ಹೋಳು ಬಿಟ್ಟು ಏಳುತ್ತಿದ್ದ. ಈ ವಿಷಯದಲ್ಲಿ ಅವನಿಗೆ ನ್ಯಾಯ ಮಾಡಬೇಕು. ಅವನು ಬಿಡುತ್ತಿದ್ದದ್ದು ತಿನ್ನಲಾಗದ್ದನ್ನಲ್ಲ. ಅಜ್ಜಿ ಬಂದು ಅದೇ ಮಣೆಯ ಮೇಲೆ ಕೂತು, ಪಾತ್ರೆಯಲ್ಲಿ ಉಳಿದದ್ದನ್ನೂ ಅದೇ ತಣಿಗೆಗೆ ಸುರಿದುಕೊಂಡು ಉಣ್ಣುತ್ತಿದ್ದಳು. ಅವಳಿಗೆಂದು ಬೇರೆ ತಟ್ಟೆ ನಮ್ಮ ಮನೆಯ ಗೂಡಿನಲ್ಲಿ ಇರಲೇ ಇಲ್ಲ. ಯಾರೂ ಇದನ್ನು ಕಷ್ಟವೆಂದು ಎಣಿಸಿರಲಿಲ್ಲ. ಅವಳೂ ಎಣಿಸಿದಂತೆ ಕಾಣಲಿಲ್ಲ.

ತಾತನ ಕಾಲು ಬಾತದ್ದು ನಾನು ಸಣ್ಣವನಿದ್ದಾಗ. ಪಂಡಿತರು ಬಂದು ಬೆರಳಿನಿಂದ ಒತ್ತಿ, ಗುಳಿ ಬಿದ್ದದ್ದನ್ನು ಅಪ್ಪನಿಗೆ ತೋರಿಸಿ, ಉಪ್ಪು ವಿಷ ಎಂದರು. ಅಡುಗೆ ಬೇರೆ ಗಡಿಗೆಯಲ್ಲಿ ಆಗಬೇಕು, ಸೌಟು ಬೇರೆ ಇರಬೇಕು, ಉಣ್ಣುವ ತಣಿಗೆಗೂ ಉಪ್ಪು ಸೋಕಬಾರದು, ಕಂಚು ಉಪ್ಪನ್ನು ಹೀರಿಕೊಂಡು ಮರುದಿನ ಬಿಡುತ್ತದೆ ಎಂದರು. ಕಂಚು ಹಾಗೆ ಮಾಡುತ್ತದೆಯೇ ಎಂದು ನಾನು ನಮ್ಮ ರಸಾಯನಶಾಸ್ತ್ರದ ಮೇಷ್ಟರನ್ನು ಕೇಳಿದ್ದೇನೆ. ಅವರು ನಕ್ಕರು. ಮನೆಯಲ್ಲಿ ಅವತ್ತು ಯಾರೂ ನಗಲಿಲ್ಲ. ಅಜ್ಜಿ ಒಂದು ಪುಟ್ಟ ಗಡಿಗೆ ಬೇರೆ ಇಟ್ಟಳು, ಅದರಲ್ಲಿ ಅವನಿಗೆ ಸಪ್ಪೆ ಸಾರು ಮಾಡಿದಳು, ತಣಿಗೆಯನ್ನು ಬೂದಿ ಹಾಕಿ ಉಜ್ಜಿದಳು. ಅವನು ಉಂಡು ಎದ್ದ. ಅವಳು ಕೂತಳು.

ಕೂತ ಮೇಲೆ ಅವಳು ಏನು ಮಾಡಬೇಕಿತ್ತು? ತಣಿಗೆಗೆ ಉಪ್ಪು ಹಾಕಿಕೊಳ್ಳುವಂತಿಲ್ಲ, ಅದು ನಾಳೆ ಗಂಡನ ಕಾಲಿಗೆ ಇಳಿಯುತ್ತದೆ. ಬೇರೆ ತಟ್ಟೆ ತೆಗೆದುಕೊಳ್ಳುವಂತಿಲ್ಲ, ಅವಳ ಕಾಲದ ಯಾವ ಹೆಂಗಸೂ ಈ ಮನೆಯಲ್ಲಿ ಹಾಗೆ ಮಾಡಿರಲಿಲ್ಲ. ಪುಟ್ಟ ಗಡಿಗೆಯಲ್ಲಿ ಉಳಿದ ಸಪ್ಪೆ ಸಾರನ್ನು ಇನ್ನಾರೂ ಮುಟ್ಟುತ್ತಿರಲಿಲ್ಲ. ಮೊದಲ ದಿನ ಹಾಗೆ ಉಂಡಳು. ಎರಡನೆಯ ದಿನ ಮೊದಲ ದಿನದಂತೆ ಉಂಡಳು. ಸಂಕಲ್ಪ ಎನ್ನುವುದು ಎಲ್ಲಾದರೂ ನಡೆದಿದ್ದರೆ ಇದರೊಳಗೆ ಎಲ್ಲಿ ನಡೆಯಿತು ಎಂದು ನನಗೆ ತೋರಿಸಿಕೊಡಲಿ.

ಆ ವರ್ಷ ಅತ್ತಜ್ಜಿ ಅಣ್ಣನನ್ನು ನೋಡಲು ಬಂದವಳು, ಅತ್ತಿಗೆ ಸಪ್ಪೆ ಮುದ್ದೆ ನುಂಗುವುದನ್ನು ಕಂಡು ಬಾಗಿಲಲ್ಲೇ ನಿಂತಳಂತೆ. 'ಇದೇನತ್ಗೆ, ನೀನೂ ಬಿಟ್ಬಿಟ್ಯಾ?' ಎಂದು ಕೇಳಿದಳಂತೆ. ಅಜ್ಜಿಯ ಬಾಯಲ್ಲಿ ತುತ್ತಿತ್ತು. ತಲೆ ಆಡಿಸಿದಳು. ಹೌದೆಂದು ಆಡಿಸಿದಳೋ, ಅಲ್ಲವೆಂದೋ, ನುಂಗುವ ತನಕ ತಾಳು ಎಂದೋ, ಅತ್ತಜ್ಜಿ ತನಗೆ ಬೇಕಾದ ಹಾಗೆ ತಿಳಿದುಕೊಂಡಳು. ಆ ಮಾತು ಹೊಸಕೋಟೆ ಕಡೆ ಹೋಗಿ, ದೀಪ, ಸಂಕಲ್ಪ ಎಲ್ಲ ಸೇರಿಸಿಕೊಂಡು ನಮ್ಮ ಬೀದಿಗೆ ವಾಪಸು ಬಂತು.

ಬಂದ ಮೇಲೆ ಅದಕ್ಕೆ ಅಜ್ಜಿಯ ಅಪ್ಪಣೆ ಬೇಕಾಗಲಿಲ್ಲ. ದೇವನಹಳ್ಳಿಯಲ್ಲಿ ನೆಂಟರ ಮದುವೆಗೆ ಹೋಗಿದ್ದೆವು. ಊಟದ ಸಾಲಿನಲ್ಲಿ ನಾನು ಅಜ್ಜಿಯ ಪಕ್ಕ ಕೂತಿದ್ದೆ. ಅವಳ ಆ ಕಡೆ ಅತ್ತಜ್ಜಿ. ಮದುವೆಮನೆಯೆಂದರೆ ತಣಿಗೆಯಿಲ್ಲ, ಎಲ್ಲರಿಗೂ ಒಂದೊಂದು ಎಲೆ. ಅಜ್ಜಿ ಎಲೆಗೆ ನೀರು ಚಿಮುಕಿಸಿ ಒರೆಸಿ, ಸೆರಗು ಸರಿಮಾಡಿಕೊಂಡು ನೇರವಾಗಿ ಕೂತಳು. ನಮ್ಮಲ್ಲಿ ಎಲೆಯ ತುದಿಗೆ ಮೊದಲು ಬೀಳುವುದು ಉಪ್ಪು. ಬಟ್ಟಲು ಹಿಡಿದ ಹುಡುಗಿ ನಮ್ಮ ಮುಂದೆ ಬಗ್ಗಿದಳು. ಅತ್ತಜ್ಜಿ ಅಜ್ಜಿಯ ಎಲೆಯ ಮೇಲೆ ಅಡ್ಡಲಾಗಿ ತನ್ನ ಕೈ ಇಟ್ಟಳು.

'ಇವ್ರಿಗೆ ಬೇಡ ಕಣಮ್ಮ. ಉಪ್ಪು ಬಿಟ್ಟವ್ರೆ.'

'ಯಾಕಜ್ಜಿ, ಕಾಯ್ಲೆನಾ?' ಎಂದಳು ಹುಡುಗಿ.

'ಕಾಯ್ಲೆ ಅಂತೆ ಕಾಯ್ಲೆ! ಯಜಮಾನ್ರಿಗೋಸ್ಕರ ಬಿಟ್ಟವ್ರೆ. ನಿಂಗೆ ಮದ್ವೆ ಆಗೈತಾ?'

'ಇಲ್ಲ.'

'ಹಂಗಾದ್ರೆ ಕಾಲು ಮುಟ್ಟಿ ಹೋಗು.'

ಹುಡುಗಿ ಉಪ್ಪಿನ ಬಟ್ಟಲನ್ನು ಕಂಕುಳಿಗೆ ಒತ್ತಿಕೊಂಡು ಅಜ್ಜಿಯ ಕಾಲು ಮುಟ್ಟಿದಳು. ಸಾಲಿನ ಹೆಂಗಸರೆಲ್ಲ ಬಗ್ಗಿ ನೋಡಿದರು. ಯಾರೋ ಒಳಗೆ ಹೋಗಿ ಹೇಳಿದರು. ಬಿಳಿ ಅನ್ನ, ಹಾಲು, ಒಂದು ಬಾಳೆಹಣ್ಣು ಬಂತು. ನನ್ನ ಎಲೆಯಲ್ಲಿ ಪಲ್ಯ, ಕೋಸಂಬರಿ, ಗೊಜ್ಜು, ಹಪ್ಪಳ. ಅಜ್ಜಿ ಹಾಲನ್ನ ಕಲಸಿ ಉಂಡಳು. ಬೇಡ, ನನಗೂ ಬಡಿಸಿ ಎನ್ನಬಹುದಿತ್ತು. ಅಷ್ಟು ಜನ ಕೈಮುಗಿದ ಮೇಲೆ ಹಾಗೆನ್ನಲು ಎಂಥ ಗಂಟಲು ಬೇಕು ಎಂಬುದನ್ನು ಎದುರುಪಕ್ಷದವರು ಒಂದು ಸಲ ಯೋಚಿಸಬೇಕು.

ವಾಪಸು ಬರುವಾಗ ಗಾಡಿಯಲ್ಲಿ ಅವಳು ಕೇಳಿದಳು, 'ಪಲ್ಯ ಏನ್ ಮಾಡಿದ್ರು?'

'ನೀನು ನೋಡ್ಲಿಲ್ವಾ? ಹುರುಳಿಕಾಯಿ.'

'ಉಪ್ಪು ಹಿಡಿದಿತ್ತಾ?'

'ಸ್ವಲ್ಪ ಮುಂದಾಗಿತ್ತು.'

'ಮದ್ವೆ ಮನೆ ಅಂದ್ರೆ ಹಂಗೇಯ,' ಎಂದು ಹೇಳಿ ಅವಳು ಮತ್ತೆ ಸ್ವಲ್ಪ ಹೊತ್ತಿಗೆ, 'ತುಂಬಾನೇ ಮುಂದಾಗಿತ್ತಾ?' ಎಂದಳು.

ಯುದ್ಧದ ವರ್ಷಗಳಲ್ಲಿ ನೂಲಿಗೆ ಕಂಟ್ರೋಲು ಬಂತು. ಮಗ್ಗ ವಾರಗಟ್ಟಲೆ ಸುಮ್ಮನಿರುತ್ತಿತ್ತು. ಬೀದಿಯಲ್ಲಿ ಕೆಲವರು ವಿದ್ಯುತ್ತಿನ ಮಗ್ಗದ ಶೆಡ್ಡಿಗೆ ಕೂಲಿಗೆ ಹೋದರು, ಚಿಕ್ಕಪ್ಪನೂ ಹೋದ. ನನ್ನನ್ನು ಬೆಂಗಳೂರಿಗೆ ಇಂಟರ್‌ಮೀಡಿಯೆಟ್ ಓದಲು ಕಳಿಸಿದರು. ಅಲ್ಲಿ ನಾನು ವಾದ ಮಾಡುವುದನ್ನು ಕಲಿತೆ. ಯಾವ ವಿಷಯ ಕೊಟ್ಟರೂ ಪರವಾಗಿ ಹತ್ತು ನಿಮಿಷ, ವಿರುದ್ಧವಾಗಿ ಹತ್ತು ನಿಮಿಷ. ರಜಕ್ಕೆ ಬಂದಾಗ ಮನೆಯವರ ಮೇಲೆ ಅಭ್ಯಾಸ ಮಾಡುತ್ತಿದ್ದೆ. ಚಿಕ್ಕಪ್ಪ ನನ್ನನ್ನು ಲಾಯರ್ ಸಾಹೇಬ್ರು ಎಂದು ಕರೆಯಲು ಶುರುಮಾಡಿದ.

ಅಂಥದೊಂದು ಬೇಸಿಗೆ ರಜದಲ್ಲಿ ಅಜ್ಜಿ ಹಿತ್ತಿಲ ಕಟ್ಟೆಯ ಮೇಲೆ ಕೂತು ವರ್ಷಕ್ಕಾಗುವ ಹುಣಸೆಹಣ್ಣು ಮಾಡುತ್ತಿದ್ದಳು. ತವರಿನಿಂದ ಬಂದದ್ದು. ಬೀಜ ಬಿಡಿಸಿ, ನಾರು ತೆಗೆದು, ಕೆಡದ ಹಾಗೆ ಹರಳುಪ್ಪು ಬೆರೆಸಿ, ಗಡಿಗೆಗೆ ಒತ್ತಿ ತುಂಬುವ ಕೆಲಸ. ನಾನು ಎದುರಿಗೆ ಕೂತು ಕೇಳಿದೆ.

'ಅಜ್ಜಿ, ನೀನು ಉಪ್ಪು ಬಿಟ್ಟಿದ್ದು ನಿಜವಾ?'

'ಯಾರಂದ್ರು?'

'ಊರೆಲ್ಲ ಅಂತೈತೆ.'

'ಊರೇ ಅಂದ್ಮೇಲೆ ಇನ್ನೇನ್ಲಾ.'

'ಊರಿನ ಮಾತು ಬಿಡು. ದೀಪ ಹಚ್ಚಿ ವ್ರತ ಹಿಡಿದ್ಯಾ ಇಲ್ವಾ?'

'ವ್ರತ ಹಿಡಿಯಾಕೆ ನಂಗೆಲ್ಲಿತ್ತು ಪುರುಸೊತ್ತು? ಹಾಸು ಬೀದಿಗೆ ಹಾಕ್ಬೇಕಿತ್ತು.'

'ಅಂದ್ರೆ ಹಿಡಿದಿಲ್ಲ.'

'ಹಿಡಿದಿಲ್ಲ ಅಂತ ನಾನೆಲ್ಲಂದೆ?'

'ಎರಡರಲ್ಲಿ ಒಂದು ಹೇಳ್ಬೇಕು ಅಜ್ಜಿ.'

'ನಿಮ್ಮ ಕಾಲೇಜಲ್ಲಿ ಹೇಳ್ಬೇಕು. ಇಲ್ಲಿ ಹಣ್ಣು ಒಣಗ್ತೈತೆ, ಆ ಗಡಿಗೆ ಇತ್ತಾಗೆ ನೂಕು.'

ಗಡಿಗೆ ನೂಕಿ ತಲೆಯೆತ್ತಿದಾಗ ಅವಳ ತೋರುಬೆರಳು ಬಾಯಲ್ಲಿತ್ತು. ನಾನು ನೋಡಿದೆ, ಅವಳೂ ನಾನು ನೋಡಿದ್ದನ್ನು ನೋಡಿದಳು. ಬೆರಳನ್ನು ಅವಸರದಿಂದೇನೂ ತೆಗೆಯಲಿಲ್ಲ.

'ಇದೇನಿದು?'

'ಹುಳಿ ನೋಡ್ದೆ ಕಣೋ.'

'ಅದರಲ್ಲಿ ಉಪ್ಪಿಲ್ವಾ?'

'ಐತೆ. ಹುಳಿ ಕರೆದ್ರೆ ಉಪ್ಪೂ ಜೊತೇಲಿ ಬರ್ತೈತೆ. ನೀನು ಬರ್ಬೇಡ ಅಂದ್ರೆ ಕೇಳ್ತೈತಾ?' ಎಂದು ನಕ್ಕಳು. ಹಲ್ಲು ಹೋದ ಕಡೆ ನಾಲಗೆಯಿಟ್ಟುಕೊಂಡು ನಗುವುದು ಅವಳ ರೂಢಿ. ಆಮೇಲೆ ಇನ್ನೊಂದು ಚೂರು ತೆಗೆದು ನನ್ನ ಬಾಯಿಗಿಟ್ಟಳು. 'ನೀನೇ ನೋಡಿ ಹೇಳು. ಉಪ್ಪು ಸಾಲ್ದು ಅಲ್ವಾ?'

ಸಾಲದು ಎಂದೆ. ಅವಳು ಇನ್ನೊಂದು ಹಿಡಿ ಹಾಕಿದಳು.

ಈ ಸಾಕ್ಷ್ಯವನ್ನು ಎರಡು ಪಕ್ಷದವರೂ ಬಳಸಬಹುದು ಎಂಬುದು ನನಗೆ ಗೊತ್ತು. ವ್ರತವಿದ್ದಿದ್ದರೆ ಬೆರಳು ನೆಕ್ಕುತ್ತಿರಲಿಲ್ಲ ಎಂದು ನಾನು ಹೇಳಬಹುದು. ಬೇಕೆನಿಸಿದಾಗ ತಿನ್ನಲು ಯಾರೂ ತಡೆದಿರಲಿಲ್ಲ, ಆದ್ದರಿಂದ ಊಟದಲ್ಲಿ ಬಿಟ್ಟದ್ದು ಅವಳ ಇಷ್ಟವೇ ಎಂದು ಅವರು ಹೇಳಬಹುದು. ಅವಳಂತೂ ಯಾರ ಪಕ್ಷಕ್ಕೂ ಬರಲಿಲ್ಲ.

ಅವಳು ತೀರಿಕೊಂಡದ್ದು ಜ್ವರದಲ್ಲಿ. ಮೂರು ನಾಲ್ಕು ದಿನ ಮಲಗಿದ್ದಳಂತೆ, ಅದರಲ್ಲೂ ಮೊದಲೆರಡು ದಿನ ಎದ್ದು ಸಪ್ಪೆ ಸಾರು ಮಾಡಿದ್ದಾಳೆ. ಬೀದಿಯವರೊಬ್ಬರು ರೈಲಿನಲ್ಲಿ ಬಂದು ನನ್ನನ್ನು ಹಾಸ್ಟೆಲಿನಿಂದ ಕರೆದುಕೊಂಡು ಹೋದರು. ನಾನು ಬರುವ ಹೊತ್ತಿಗೆ ಅವಳನ್ನು ನಡುಮನೆಯಲ್ಲಿ ಮಲಗಿಸಿ, ಹೊಸ ಸೀರೆ ಉಡಿಸಿ, ಹಣೆ ತುಂಬ ಕುಂಕುಮ ಹಚ್ಚಿ, ಕೈತುಂಬ ಹಸಿರು ಬಳೆ ತೊಡಿಸಿದ್ದರು. ಮುತ್ತೈದೆ ಸಾವೆಂದು ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಅವಳ ಹಣೆಯ ಕುಂಕುಮವನ್ನು ತಮ್ಮ ಹಣೆಗೂ ತಾಳಿಗೂ ಹಚ್ಚಿಕೊಂಡು ಹೋದರು. ಅತ್ತಜ್ಜಿ ತಲೆಯ ಹತ್ತಿರ ಕೂತು ಬಂದವರಿಗೆಲ್ಲ ಉಪ್ಪಿನ ಕಥೆ ಹೇಳುತ್ತಿದ್ದಳು. ಕುಂಕುಮ ಮುಗಿದರೆ ಅಮ್ಮ ಮತ್ತೆ ಹಚ್ಚುತ್ತಿದ್ದಳು.

ನನಗೆ ಏನೂ ಅನ್ನಿಸಲಿಲ್ಲ. ಬಿದಿರು ತಂದೆ, ಹಗ್ಗ ತಂದೆ, ಯಾರೋ ಮಡಕೆ ಎಂದರು, ಅದನ್ನೂ ತಂದೆ. ಅಳದವರನ್ನು ಜನ ಗಟ್ಟಿಗ ಎನ್ನುತ್ತಾರೆ. ಗಟ್ಟಿತನ ಏನೂ ಇರಲಿಲ್ಲ, ಚಳಿಗೆ ಜೋಮು ಹಿಡಿದ ಕೈಯಂತೆ ಇತ್ತು. ಈಗಲೂ ಹಾಗೇ ಇದೆ. ಬೀದಿಯ ಮಗ್ಗಗಳೆಲ್ಲ ಆ ಒಂದು ದಿನ ನಿಂತವು, ಮರುದಿನ ಬೆಳಿಗ್ಗೆ ಪಕ್ಕದ ಮನೆಯಿಂದ ಶುರುವಾದವು. ನಮ್ಮದು ಸೂತಕ ಕಳೆಯುವ ತನಕ ನಿಂತಿತ್ತು.

ಆ ದಿನಗಳಲ್ಲಿ ಅಮ್ಮ ತಾತನಿಗೆ ಸಪ್ಪೆ ಅಡುಗೆ ಮಾಡಿ ಅದೇ ತಣಿಗೆಯಲ್ಲಿ ಬಡಿಸುತ್ತಿದ್ದಳು. ಅವನು ರೂಢಿಯಂತೆ ಒಂದಿಷ್ಟು ಬಿಟ್ಟು ಏಳುತ್ತಿದ್ದ. ಮೊದಲ ದಿನ ಅಮ್ಮ ತಣಿಗೆ ಹಿಡಿದುಕೊಂಡು ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದನ್ನು ಕಂಡೆ. ಆಮೇಲೆ ಎಮ್ಮೆಯ ಕಲಗಚ್ಚಿಗೆ ಸುರಿಯುತ್ತಿದ್ದಳು.

ತಿಥಿಯ ಬೆಳಿಗ್ಗೆ ಅಡುಗೆಮನೆಯಲ್ಲಿ ಅಮ್ಮ ಹುಳಿಯನ್ನದ ಗೊಜ್ಜು ಕುದಿಸುತ್ತಿದ್ದಳು. ಎಡೆಗೆ ಸತ್ತವರಿಗೆ ಇಷ್ಟವಾದದ್ದು ಇರಬೇಕಲ್ಲ, ಅಜ್ಜಿಗೆ ಹುಣಸೆ ಇಷ್ಟವೆಂದು ಅಮ್ಮನೇ ಅದನ್ನು ಆರಿಸಿದ್ದಳು. ಉಪ್ಪಿನ ಜಾಡಿಗೆ ಕೈ ಹಾಕಿದಳು. ಅತ್ತಜ್ಜಿ ಬಂದು ಆ ಕೈ ಹಿಡಿದಳು.

'ಏನ್ ಮಾಡ್ತಿದೀಯ? ಬದುಕಿರೋವಾಗ ಬಿಟ್ಟಿದ್ದನ್ನ ಸತ್ತ ಮೇಲೆ ಉಣ್ಣಿಸ್ತೀಯಾ?'

ಅಮ್ಮನ ಕೈ ಜಾಡಿಯಲ್ಲೇ ಉಳಿಯಿತು. ನಾನು ಬಾಗಿಲಲ್ಲಿದ್ದೆ. 'ಬಿಟ್ಟಿದ್ಲು ಅಂತ ಯಾರು ಹೇಳಿದ್ದು?' ಎಂದೆ.

'ನಾನು ಹೇಳಿದ್ದು.'

'ನೀನು ನೋಡಿದ್ಯಾ?'

'ನೋಡೋದೇನ್ ನಾಯ್ನಾ, ಊರಿಗೆ ಊರೇ ಕಾಲಿಗೆ ಬಿದ್ದಿಲ್ವಾ?'

'ಊರು ಬಿದ್ದಿದ್ದು ನಿನ್ನ ಮಾತು ಕೇಳಿ. ನೀನು ಹೇಳೋದು ಊರು ಬಿತ್ತು ಅಂತ. ಇದು ಸುತ್ತಿ ಸುತ್ತಿ ಅಲ್ಲಿಗೇ ಬರ್ತೈತೆ.'

ಚಿಕ್ಕಪ್ಪ ತೆಂಗಿನಕಾಯಿ ಸುಲಿಯುತ್ತ ಕೂತಿದ್ದ. 'ಲಾಯರ್ ಸಾಹೇಬ್ರೇ, ಒಂದು ಪ್ರಶ್ನೆ,' ಎಂದ. 'ಅಡುಗೆ ಮನೆ ಅವಳದು. ಜಾಡಿ ಅವಳ ಕೈಗೇ ಸಿಗ್ತಿತ್ತು. ದಿನಾ ನಮಗೆಲ್ಲ ಉಪ್ಪು ಹಾಕಿ ಬಡಿಸ್ತಿದ್ಲು. ತಾನೊಂದು ಚಿಟಿಕೆ ಹಾಕ್ಕೊಳ್ಳಾಕೆ ಯಾವ ಪೊಲೀಸು ಅಡ್ಡ ಬಂದಿದ್ದ?'

'ಎಲ್ಲಿಗೆ ಹಾಕ್ಕೊಬೇಕಿತ್ತು? ತಾತನ ತಣಿಗೆಗಾ?'

'ಬೇರೆ ತಟ್ಟೆ ತಗೋಬೇಕಿತ್ತು.'

'ನೀನು ಒಂದು ದಿನ ಕೊಟ್ಯಾ?'

ಚಿಕ್ಕಪ್ಪ ಕಾಯಿಯ ಜುಟ್ಟು ನೋಡಿಕೊಂಡ. 'ದೇಶದಲ್ಲಿ ಉಪ್ಪಿಗೋಸ್ಕರ ಜನ ಜೈಲಿಗೆ ಹೋಗಿ ಬಂದ್ರು,' ಎಂದ. 'ನಮ್ಮವ್ವ ಬಾಯಿ ಬಿಟ್ಟು ಒಂದು ಮಾತು ಅಂದಿದ್ರೆ ನಾನೇ ತಂದು ಕೊಡ್ತಿದ್ದೆ.'

'ಅನ್ನೋ ತನಕ ಕಾಯ್ತಿದ್ಯಾ?'

'ಇನ್ನೇನ್ಲಾ ಮಾಡ್ಲಿ, ಕನಸು ಬೀಳ್ಬೇಕಿತ್ತಾ?'

ಆಗ ಅಮ್ಮ ಮಾತಾಡಿದಳು. ಅವಳು ಒಲೆಯ ಕಡೆಗೇ ಮುಖ ಮಾಡಿದ್ದಳು. 'ನಾನು ಮದ್ವೆಯಾಗಿ ಬಂದ ದಿನ ನಿಮ್ಮಪ್ಪ ಉಂಡೆದ್ರು. ನಾನು ಹೋಗಿ ಆ ತಣಿಗೆ ಮುಂದೆ ಕೂತೆ. ಅತ್ತೆ ಬಂದು ಎತ್ಕೊಂಡು ಹೋದ್ರು. ಬೇರೆ ತಟ್ಟೆ ತಂದಿಟ್ಟು, ನೀನು ಇದರಲ್ಲಿ ಉಣ್ಣು ಅಂದ್ರು. ಯಾಕತ್ತೆ ಅಂದೆ. ಸುಮ್ನೆ ಉಣ್ಣು ಅಂದ್ರು.'

ಅಷ್ಟು ವರ್ಷ ಆ ಮನೆಯಲ್ಲಿದ್ದ ನಾನು ಇದನ್ನು ಕೇಳಿದ್ದು ಅವತ್ತೇ. ಅಮ್ಮನಿಗೆ ಬೇರೆ ತಟ್ಟೆ ಇದ್ದದ್ದು ದಿನವೂ ಕಣ್ಣಿಗೆ ಬೀಳುತ್ತಿತ್ತು. ಅದು ಹೇಗೆ ಬಂತು ಎಂದು ಕೇಳಬೇಕೆನ್ನಿಸಿರಲಿಲ್ಲ. ನನಗೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿರಲಿಲ್ಲ. ಗೆದ್ದೆನೆಂದೇ ಅಂದುಕೊಂಡೆ. 'ಕೇಳಿದ್ಯಾ ಅತ್ತಜ್ಜಿ? ತನಗೆ ಇಷ್ಟವಾಗಿದ್ದ ಪದ್ಧತಿಯಾಗಿದ್ರೆ ಸೊಸೆಗೆ ಯಾಕೆ ತಪ್ಪಿಸ್ತಿದ್ಲು?'

ಅತ್ತಜ್ಜಿ ಕೋಪ ಮಾಡಿಕೊಳ್ಳಲಿಲ್ಲ. ಮೊದಲ ಸಲ ಅಮ್ಮನ ಕೈ ಬಿಟ್ಟು, ಗೋಡೆಗೆ ಒರಗಿ ಕೂತಳು. ಅವಳೂ ಮುದುಕಿ.

'ಆಯ್ತಪ್ಪ. ನೀನು ಓದಿದವನು. ಅವಳು ಬಿಟ್ಟಿರ್ಲಿಲ್ಲ ಅಂತ್ಲೇ ಇಟ್ಕೋ. ಉಪ್ಪು ಹಾಕು. ಎಡೆ ಇಟ್ಟು ಕೈಮುಗಿದ ಮೇಲೆ ಆ ಎಲೆ ಯಾರುಣ್ಬೇಕು?'

ನಮ್ಮ ಮನೆಯ ಕ್ರಮದಲ್ಲಿ ಎಡೆಯನ್ನು ಹೊರಗೆ ಚೆಲ್ಲುವುದಿಲ್ಲ. ಸತ್ತವರಿಗೆ ಎಲ್ಲರಿಗಿಂತ ಹತ್ತಿರದವರು ಅದರ ಮುಂದೆ ಕೂತು ಉಣ್ಣಬೇಕು.

'ನಿಮ್ಮ ತಾತ,' ಎಂದಳು ಅವಳೇ. 'ಉಪ್ಪು ಹಾಕಿ ಅವನನ್ನೂ ಕಳಿಸ್ತೀಯಾ?'

'ನಾನುಣ್ತೀನಿ.'

'ಗಂಡ ಇರೋವಾಗ ಮೊಮ್ಮಗ ಉಣ್ಣೋದು ಎಲ್ಲಿ ಕಂಡಿದ್ದೀಯ? ಅವನು ಕೂರ್ಬೇಡ ಅಂತ ನೀನೇ ಹೋಗಿ ಹೇಳ್ತೀಯಾ?'

ಅವಳು ಗೆದ್ದದ್ದು ವ್ರತದಿಂದಲ್ಲ, ದೀಪದಿಂದಲ್ಲ. ಅಜ್ಜಿಯ ಮೊದಲ ಎಲೆಯೂ ಕಡೆಗೆ ತಾತನ ಊಟವೇ ಆಗಿತ್ತು. ಅಪ್ಪ ಬಾಗಿಲಿಗೆ ಬಂದು, ಪುರೋಹಿತರು ಬರುವ ಹೊತ್ತಾಯಿತು, ಇನ್ನೂ ಆಗಲಿಲ್ಲವೇ ಎಂದ. ಅಮ್ಮ ಜಾಡಿಯಿಂದ ಕೈ ತೆಗೆದು, ಬೆರಳಿಗಂಟಿದ್ದ ಹರಳುಗಳನ್ನು ಜಾಡಿಯ ಬಾಯಿಗೇ ಉದುರಿಸಿ, ಮುಚ್ಚಳ ಹಾಕಿದಳು.

ನಡುಮನೆಯಲ್ಲಿ, ಅವಳನ್ನು ಮಲಗಿಸಿದ್ದ ಜಾಗದಲ್ಲೇ ಬಾಳೆಲೆ ಹಾಕಿ ಬಡಿಸಿದರು. ಹುಳಿಯನ್ನ, ಹುರುಳಿಕಾಯಿ ಪಲ್ಯ, ಒಬ್ಬಟ್ಟು, ಅನ್ನ, ತೊವ್ವೆ. ಉಪ್ಪು ಬೀಳಬೇಕಾದ ತುದಿ ಖಾಲಿ. ಪಕ್ಕದಲ್ಲಿ ಅವಳ ಸೀರೆ, ಬಳೆ, ಒಂದು ಚೊಂಬು ನೀರು. ಎಲ್ಲರೂ ಸರದಿಯಂತೆ ಅಡ್ಡಬಿದ್ದೆವು. ನಾನೂ ಬಿದ್ದೆ. ನೆಲ ತಣ್ಣಗಿತ್ತು, ಅದಷ್ಟೇ ನೆನಪು.

ಆಮೇಲೆ ತಾತನನ್ನು ಕರೆತಂದು ಎಲೆಯ ಮುಂದೆ ಕೂರಿಸಿದರು. ಉಳಿದವರು ಬೀದಿಯವರಿಗೆ ಬಡಿಸಲು ಹೊರಗೆ ಹೋದರು. ನೀರು ಕೊಡಲೆಂದು ನಾನೊಬ್ಬ ಅಲ್ಲಿ ಉಳಿದೆ. ತಾತ ಹುಳಿಯನ್ನ ಬಾಯಿಗಿಟ್ಟು ಬಹಳ ಹೊತ್ತು ಅಗಿದ. ಅವನ ಕಾಲುಗಳು ಪಂಚೆಯ ಕೆಳಗೆ ಬಾತಿದ್ದವು, ಹೆಬ್ಬೆರಳಿನ ಉಗುರಿಗೆ ಕುಂಕುಮ ಅಂಟಿತ್ತು.

'ಅವಳು ಮಾಡಿದಂಗಿಲ್ಲ,' ಎಂದ.

'ಅಮ್ಮ ಮಾಡಿದ್ದು.'

'ಗೊತ್ತು. ಇದು ಬರೀ ಹುಳಿ.' ಇನ್ನೊಂದು ತುತ್ತು ತೆಗೆದುಕೊಂಡ. 'ಅವಳು ಬೆಲ್ಲ ಒಂಚೂರು ಜಾಸ್ತಿ ಹಾಕ್ತಿದ್ಲು. ಸಪ್ಪೆ ಅಂತ ಗೊತ್ತಾಗ್ತಿರ್ಲಿಲ್ಲ ನಂಗೆ.'

ಮುಂದಿನದನ್ನು ಯಾವ ಪಕ್ಷದ ಪರವಾಗಿಯೂ ನಾನು ಕೇಳಲಿಲ್ಲ. ಗೊತ್ತಿರಬಹುದಾದವರಲ್ಲಿ ಬದುಕಿದ್ದವನು ಅವನೊಬ್ಬನೇ. ಚೊಂಬು ಕೆಳಗಿಟ್ಟು ಅವನ ಎದುರಿಗೆ, ಎಲೆಯ ಈ ಕಡೆ ಕೂತೆ. ಅವನು ತಲೆಯೆತ್ತದೆ ಪಲ್ಯದ ಕಡೆಗೆ ಕೈ ಚಾಚಿದ.

'ತಾತ,' ಎಂದೆ, 'ಇಷ್ಟು ವರ್ಷದಲ್ಲಿ ಒಂದು ದಿನಾನಾದ್ರೂ, ನಿಂಗೆ ಉಪ್ಪು ಬೇಕೇನೇ ಅಂತ ಅಜ್ಜೀನ ಕೇಳಿದ್ಯಾ?'